ಖಾನಾಪುರದ ಹೊಳೆ ಲೋಕ ಸುತ್ತಿ ಬಂದ ಕಥೆ

ಆಷಾಢದ ಮಳೆ ಹಿಡಿದುಕೊಂಡಾಗ ಖಾನಾಪುರ ತಾಲ್ಲೂಕಿನ ಪಡುವಣ ಅಂಚಿನಲ್ಲಿ ಹಗಲು ಯಾವುದು, ಸಂಜೆ ಯಾವುದು ತಿಳಿಯುವುದಿಲ್ಲ. ಜಾಂಬೋಟಿ ದಾಟಿದ ಬಸ್ಸು ನಡುಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಕಣಕುಂಬಿ ಮುಟ್ಟುತ್ತದೆ. ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹೊದ್ದವರು, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡವರು ಸಾಲಾಗಿ ನಾಟಿಗೆ ಬಗ್ಗಿರುತ್ತಾರೆ. ಹೆಂಚಿನ ಮಾಡಿನಿಂದ ಇಳಿದ ನೀರು ಅಂಗಳದಲ್ಲಿ ಕಾಲುವೆ ಕೊರೆದು ರಸ್ತೆಗೆ ಬೀಳುತ್ತದೆ. ಅಲ್ಲಿಂದ ಆ ನೀರಿನ ಪಯಣ ಯಾವ ಸಮುದ್ರಕ್ಕೆ ಎಂಬುದನ್ನು ನಿರ್ಧರಿಸುವುದು ಒಂದು ಸಣ್ಣ ಇಳಿಜಾರು.

ಮೂಡಣಕ್ಕೆ ಜಾರಿದ ಹನಿ ಮಲಪ್ರಭೆಯದು. ಅದು ಖಾನಾಪುರ ಪಟ್ಟಣವನ್ನು ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ತಂಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ಪಡುವಣಕ್ಕೆ ಜಾರಿದ್ದು ಮಹದಾಯಿಯದು. ದೇಗಾಂವ್ ಸುತ್ತಿನ ಒರತೆಗಳಲ್ಲಿ ಹುಟ್ಟುವ ಈ ಹೊಳೆ ಭೀಮಗಡದ ಕಾಡಿನಲ್ಲಿ ಇಳಿದು, ವಜ್ರಪೋಹದಲ್ಲಿ ಧುಮುಕಿ, ಗೋವೆಯ ಸತ್ತರಿ ಸೀಮೆ ಹೊಕ್ಕು, ಪಣಜಿಯ ಮುಂದೆ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ.

2009ರ ಆಗಸ್ಟ್ 19ರಂದು, ಇಂಥದೇ ಮಳೆಗಾಲದಲ್ಲಿ, ಈ ಹೊಳೆಯ ಹೆಸರು ಹೊತ್ತ ಹಾಯಿದೋಣಿಯೊಂದು ಮುಂಬಯಿಯಿಂದ ಹೊರಟಿತು. ದೋಣಿಯಲ್ಲಿ ಇದ್ದವರು ಒಬ್ಬರೇ, ನೌಕಾಪಡೆಯ ಕಮಾಂಡರ್ ದಿಲೀಪ್ ದೋಂದೆ. ಒಂಬತ್ತು ತಿಂಗಳ ನಂತರ ಅವರು ಭೂಮಿಯನ್ನೊಂದು ಸುತ್ತು ಹಾಕಿ ಅದೇ ಮುಂಬಯಿಗೆ ಮರಳಿದರು. ಹಾಯಿದೋಣಿಯಲ್ಲಿ ಒಂಟಿಯಾಗಿ ಜಗತ್ತು ಸುತ್ತಿದ ಮೊದಲ ಭಾರತೀಯ ಅವರು. ಆ ಮೇಲೆ ಅವರು ಮಾಡಿದ ಎರಡು ಕೆಲಸಗಳು, ಪುಸ್ತಕ ಬರೆದದ್ದು ಮತ್ತು ಬೇರೆಯವರಿಗೆ ಕಲಿಸಿದ್ದು, ನನ್ನ ಮಟ್ಟಿಗೆ ಆ ಪಯಣಕ್ಕಿಂತಲೂ ದೊಡ್ಡವು.

ಒಂದೇ ನೀರು, ಹಲವು ಹೆಸರು

ನಮ್ಮ ಕಡೆ ಮಹದಾಯಿ ಎಂದರೆ ಸಾಕು, ಕಳಸಾ-ಬಂಡೂರಿ ನೀರಿನ ಯೋಜನೆ ಕಣ್ಣ ಮುಂದೆ ಬರುತ್ತದೆ. ನರಗುಂದ, ನವಲಗುಂದದ ರೈತರ ಧರಣಿ, 2010ರಲ್ಲಿ ರಚನೆಯಾದ ನ್ಯಾಯಮಂಡಳಿ, 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದ ತೀರ್ಪು, ಇವೆಲ್ಲ ಪತ್ರಿಕೆ ಓದುವವರಿಗೆ ಬಾಯಿಪಾಠ. ಅದು ಕುಡಿಯುವ ನೀರಿನ ಪ್ರಶ್ನೆ, ಬದುಕಿನ ಪ್ರಶ್ನೆ. ಆದರೆ ಆ ಹೊಳೆಗೆ ಕಡಲಿನ ಕಡೆಯದೊಂದು ಬಾಳೂ ಇದೆ. ಅದು ಘಟ್ಟದ ಮೇಲಿನವರ ಕಿವಿಗೆ ಬಿದ್ದದ್ದು ಕಡಿಮೆ.

ಗೋವೆಯಲ್ಲಿ ಮೇಲುಭಾಗದ ಜನ ಈ ಹೊಳೆಯನ್ನು ಮ್ಹಾದಯಿ ಎನ್ನುತ್ತಾರೆ. ಅಳಿವೆಯ ಹತ್ತಿರ ಅದೇ ನೀರು ಮಾಂಡೋವಿ. ಸತ್ತರಿ ಸೀಮೆಯಲ್ಲಿ ದೋಣಿಯ ಮೇಲೆ ನಿಂತ ದೇವಿಯ ಕಲ್ಲುಮೂರ್ತಿಗಳು ಸಿಕ್ಕಿವೆ. ಹೊಳೆಯನ್ನು ತಾಯಿಯೆಂದು ಕರೆದ ಜನ ಆ ತಾಯಿಗೆ ದೋಣಿಯನ್ನೇ ವಾಹನ ಮಾಡಿಕೊಟ್ಟಿದ್ದರು.

ಮಾಂಡೋವಿಯ ನಡುವೆ ದಿವಾಡಿ ಎಂಬ ನಡುಗಡ್ಡೆಯಿದೆ. ಅಲ್ಲಿಗೆ ಇಂದಿಗೂ ಜನ ಫೆರಿ ದೋಣಿಯಲ್ಲಿ ಹೊಳೆ ದಾಟುತ್ತಾರೆ. ರತ್ನಾಕರ ದಾಂಡೇಕರ್ ಅವರ ದೋಣಿ ಕಟ್ಟುವ ಕಾರ್ಖಾನೆ ಇರುವುದು ಅಲ್ಲೇ. ನೌಕಾಪಡೆ ಜಗತ್ತು ಸುತ್ತುವ ದೋಣಿಯನ್ನು ಕಟ್ಟಿಸಿದ್ದು ಅವರಿಂದ. ವಿನ್ಯಾಸ ನೆದರ್ಲೆಂಡ್ಸ್‌ನ ವಾನ್ ಡಿ ಸ್ಟಾಟ್ ಸಂಸ್ಥೆಯದು, ಕೈಕೆಲಸ ಗೋವೆಯದು. ಸೀಡರ್ ಮರದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ ಕಟ್ಟಿದ 56 ಅಡಿ ಉದ್ದದ ದೋಣಿ ಅದು. 2009ರ ಫೆಬ್ರುವರಿಯಲ್ಲಿ ನೌಕಾಪಡೆಯ ಕೈಸೇರಿದಾಗ ಅದಕ್ಕಿಟ್ಟ ಹೆಸರು ಐಎನ್‌ಎಸ್‌ವಿ ಮ್ಹಾದಯಿ. ಅದರ ನೆಲೆ ಐಎನ್‌ಎಸ್ ಮಾಂಡೋವಿ, ಪಣಜಿಯ ಎದುರು ದಡದಲ್ಲಿರುವ ನೌಕಾಪಡೆಯ ತರಬೇತಿ ಕೇಂದ್ರ. ಹೀಗೆ ದೋಣಿಗೂ ಅದರ ಮನೆಗೂ ನಮ್ಮ ದೇಗಾಂವ್ ಒರತೆಯ ನೀರಿನದೇ ಹೆಸರು.

ಹಳೆಯ ಅಡ್ಮಿರಲ್, ಕೈ ಎತ್ತಿದ ಅಧಿಕಾರಿ

ಇದರ ಹಿಂದಿದ್ದ ತಲೆ ವೈಸ್ ಅಡ್ಮಿರಲ್ ಮನೋಹರ್ ಪ್ರಹ್ಲಾದ ಆವಟಿ ಅವರದು. 1971ರ ಯುದ್ಧದಲ್ಲಿ ಪೂರ್ವ ಕಡಲಿನಲ್ಲಿ ಐಎನ್‌ಎಸ್ ಕಮೋರ್ಟಾ ಹಡಗಿನ ಕ್ಯಾಪ್ಟನ್ ಆಗಿ ಹೋರಾಡಿ ವೀರಚಕ್ರ ಪಡೆದವರು, 1983ರಲ್ಲಿ ಪಶ್ಚಿಮ ನೌಕಾ ಕಮಾಂಡಿನ ಮುಖ್ಯಸ್ಥರಾಗಿ ನಿವೃತ್ತರಾದವರು. ಸೇವೆಯಲ್ಲಿದ್ದಾಗಲೇ, 1978ರಲ್ಲಿ, ಮುಂಬಯಿಯಲ್ಲಿ ಕಡಲ ಇತಿಹಾಸ ಅಧ್ಯಯನಕ್ಕೆಂದು ಮಾರಿಟೈಮ್ ಹಿಸ್ಟರಿ ಸೊಸೈಟಿ ಕಟ್ಟಿದರು. ನಿವೃತ್ತಿಯ ನಂತರ ಅವರು ನೆಲೆಸಿದ್ದು ಸಮುದ್ರದ ದಂಡೆಯಲ್ಲಲ್ಲ, ಸಾತಾರಾ ಜಿಲ್ಲೆಯ ಫಲಟಣದ ಹತ್ತಿರದ ವಿಂಚುರ್ಣಿ ಎಂಬ ಬಯಲುಸೀಮೆಯ ಹಳ್ಳಿಯಲ್ಲಿ. ಅಲ್ಲಿ ಕೂತು ಅವರು ಕಂಡ ಕನಸು ಇದು: ಭಾರತದಲ್ಲಿ ಕಟ್ಟಿದ ದೋಣಿಯಲ್ಲಿ ಭಾರತೀಯನೊಬ್ಬ ಒಂಟಿಯಾಗಿ ಜಗತ್ತು ಸುತ್ತಬೇಕು. ಆ ಕನಸಿಗೆ ಸಾಗರ ಪರಿಕ್ರಮ ಎಂದು ಹೆಸರಾಯಿತು.

2006ರ ಏಪ್ರಿಲ್‌ನಲ್ಲಿ ಅದಕ್ಕೆ ಸಿದ್ಧರೆಂದು ಒಪ್ಪಿದವರು ದೋಂದೆ. ಅವರು ನೌಕಾಪಡೆಯ ಮುಳುಗುಗಾರ ಅಧಿಕಾರಿ. ನೀರಿನಡಿಯ ಕೆಲಸ ಬಲ್ಲವರು, ಆದರೆ ಒಂಟಿ ಪಯಣ ಅವರಿಗೂ ಹೊಸದು. ದೋಣಿ ಕಟ್ಟುವುದೂ ಹೊಸದು. ನಮ್ಮಲ್ಲಿ ಕೇಳಿ ತಿಳಿಯೋಣವೆಂದರೆ ಹಿಂದೆ ಮಾಡಿದ ಒಬ್ಬರೂ ಇರಲಿಲ್ಲ.

ಆದ್ದರಿಂದ ಅವರು ಇಂಗ್ಲೆಂಡಿಗೆ, ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಬಳಿಗೆ ಹೋದರು. 1968-69ರಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಜಗತ್ತು ಸುತ್ತಿದ ಮೊದಲ ಮನುಷ್ಯ ಅವರು. ಅವರ ದೋಣಿ ಸುಹೈಲಿ ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಲ್ಲಿ. ಇಲ್ಲಿಯ ಬಡಗಿಗಳ ಕೈಯಿಂದ ಹೋದ ವಿದ್ಯೆ ಸುಮಾರು ನಾಲ್ಕು ದಶಕಗಳ ನಂತರ ದೋಂದೆಯವರ ಮೂಲಕ ಊರಿಗೆ ತಿರುಗಿ ಬಂದಿತು ಎನ್ನಬಹುದು. ದೋಂದೆ ಅಲ್ಲಿ ಆ ಹಿರಿಯರು ಹಾಯಿದೋಣಿ ಸ್ಪರ್ಧೆಯೊಂದಕ್ಕೆ ಸಿದ್ಧವಾಗುತ್ತಿದ್ದಾಗ ಜೊತೆಗಿದ್ದು ಕೆಲಸ ಮಾಡಿ ಕಲಿತರು. ಬಂದ ಮೇಲೆ ದಿವಾಡಿಯಲ್ಲಿ ದೋಣಿ ಮೈತಳೆಯುವುದನ್ನು ಕಣ್ಣಾರೆ ಕಾಣುತ್ತ, ಅದರ ಒಂದೊಂದು ಜೋಡಣೆಯನ್ನೂ ತಿಳಿದುಕೊಂಡರು. ನಡುಗಡಲಿನಲ್ಲಿ ಕೆಟ್ಟರೆ ರಿಪೇರಿಗೆ ಬರುವವರು ಯಾರೂ ಇರುವುದಿಲ್ಲವಲ್ಲ.

ಲೋಕ ಸುತ್ತುವುದು ಎಂದರೆ

ಭೂಪಟದ ಮೇಲೆ ಎಲ್ಲಿ ಬೇಕಾದರೂ ಗೆರೆ ಎಳೆದು ಸುತ್ತಿದೆ ಎನ್ನುವಂತಿಲ್ಲ. ಹೊರಟ ಬಂದರಿಗೇ ಮರಳಬೇಕು. ಎಲ್ಲ ರೇಖಾಂಶಗಳನ್ನೂ ದಾಟಬೇಕು. ಭೂಮಧ್ಯರೇಖೆಯನ್ನು ಕನಿಷ್ಠ ಎರಡು ಸಲ ದಾಟಬೇಕು. ಸುಯೆಜ್, ಪನಾಮಾ ಕಾಲುವೆಗಳ ಅಡ್ಡದಾರಿ ಹಿಡಿಯಬಾರದು. ದಾರಿ 21,600 ನಾಟಿಕಲ್ ಮೈಲಿಗಿಂತ ಕಡಿಮೆಯಾಗಬಾರದು.

ಈ 21,600 ಎಲ್ಲಿಂದ ಬಂತು? ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ನಿಮಿಷ. ಭೂಮಿಯ ದುಂಡಿನಲ್ಲಿ ಆ ಒಂದು ನಿಮಿಷದಷ್ಟು ದೂರವೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. 360ನ್ನು 60ರಿಂದ ಗುಣಿಸಿದರೆ 21,600. ನಾವಿಕನ ಮೈಲಿ ಭೂಮಿಯ ಮೈಯಿಂದಲೇ ಹುಟ್ಟಿದ ಅಳತೆ.

ದೋಂದೆಯವರ ದಾರಿ ಮೂಡಣಕ್ಕೆ. ಮುಂಬಯಿಯಿಂದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್ಟನ್, ಅಲ್ಲಿಂದ ಶಾಂತ ಸಾಗರವನ್ನು ದಾಟಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಸಿ ಫಾಕ್‌ಲ್ಯಾಂಡ್ ದ್ವೀಪದ ಪೋರ್ಟ್ ಸ್ಟ್ಯಾನ್ಲಿ, ನಂತರ ಆಫ್ರಿಕದ ಕೇಪ್ ಟೌನ್, ಮತ್ತೆ ಮುಂಬಯಿ. ನಾಲ್ಕೇ ನಿಲುಗಡೆ. ಒಟ್ಟು 157 ದಿನ ನೀರಿನ ಮೇಲೆ.

ಮೂಡಣಕ್ಕೇ ಹೋಗಲು ಕಾರಣ ಗಾಳಿ. ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದಿಂದ ಕೆಳಗೆ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಹೆಚ್ಚುಕಡಿಮೆ ಇಲ್ಲ. ಪಶ್ಚಿಮದಿಂದ ಏಳುವ ಗಾಳಿ ಭೂಮಿಯನ್ನು ಸುತ್ತುತ್ತಲೇ ಇರುತ್ತದೆ, ಅದರ ಜೊತೆ ಅಲೆಯೂ ಬೆಳೆಯುತ್ತಲೇ ಹೋಗುತ್ತದೆ. ನಾವಿಕರು ಆ ಪಟ್ಟಿಯನ್ನು ಗರ್ಜಿಸುವ ನಲವತ್ತು ಎನ್ನುತ್ತಾರೆ. ಹಾಯಿದೋಣಿಗೆ ಬೇಕಾದ ಬಲವೂ ಅಲ್ಲೇ, ಸಾವೂ ಅಲ್ಲೇ.

ಒಬ್ಬನೇ ಇರುವಾಗ ನಿದ್ದೆ ಯಾವಾಗ?

ಈ ವಿಷಯ ಹೇಳಿದಾಗಲೆಲ್ಲ ಕೇಳುವವರ ಮೊದಲ ಪ್ರಶ್ನೆ ಇದೇ. ಉತ್ತರ: ತುಂಡು ತುಂಡಾಗಿ. ಅರ್ಧ ಗಂಟೆಯೋ ಅದಕ್ಕೂ ಕಡಿಮೆಯೋ ಮಲಗಿ, ಎದ್ದು, ಸುತ್ತ ಕಣ್ಣಾಡಿಸಿ, ಮತ್ತೆ ಮಲಗುವುದು. ಹಡಗುಗಳು ಓಡಾಡುವ ದಾರಿಯಲ್ಲಿ ಅದೂ ಕಷ್ಟ. ಅಷ್ಟು ಹೊತ್ತು ಚುಕ್ಕಾಣಿ ಹಿಡಿಯುವುದು ಯಂತ್ರ. ವಿದ್ಯುತ್ತಿನಿಂದ ನಡೆಯುವ ಆಟೋಪೈಲಟ್ ಒಂದು ಬಗೆ. ಇನ್ನೊಂದು, ವಿದ್ಯುತ್ತೇ ಬೇಡದ ಗಾಳಿಪಟ್ಟಿ. ದೋಣಿಯ ಹಿಂಬದಿಗೆ ನಿಲ್ಲಿಸಿದ ಹಲಗೆಯೊಂದು ಗಾಳಿಗೆ ವಾಲಿ, ಆ ವಾಲುವಿಕೆಯಿಂದಲೇ ಚುಕ್ಕಾಣಿಯನ್ನು ತಿದ್ದುತ್ತದೆ.

ಗಾಳಿ ಹೆಚ್ಚಿದರೆ ಹಾಯಿಯನ್ನು ಮಡಿಸಿ ಕಿರಿದು ಮಾಡಬೇಕು, ತಗ್ಗಿದರೆ ಬಿಚ್ಚಬೇಕು. ರಾತ್ರಿ ಎರಡು ಗಂಟೆಗೆ, ಕೊರೆಯುವ ಚಳಿಯಲ್ಲಿ, ಹೊಯ್ದಾಡುವ ಅಟ್ಟದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬನೇ ಮಾಡುವ ಕೆಲಸ ಅದು. ಜಾರಿ ಬಿದ್ದರೆ ದೋಣಿ ನಿಲ್ಲುವುದಿಲ್ಲ. ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಕೆಳಗೆ ಭಾರ ತುಂಬಿದ ತಂಜಾವೂರು ಬೊಂಬೆಯನ್ನು ಎಷ್ಟು ಕೆಡವಿದರೂ ಎದ್ದು ಕೂರುತ್ತದೆ. ಇಂಥ ದೋಣಿಯ ತಳದಲ್ಲೂ ಅದೇ ತತ್ವದ ಭಾರವಿರುತ್ತದೆ. ಅಲೆ ಅದನ್ನು ಪಕ್ಕಕ್ಕೆ ಉರುಳಿಸಿದರೂ ಮತ್ತೆ ನೆಟ್ಟಗಾಗುತ್ತದೆ. ಒಳಗಿರುವ ಮನುಷ್ಯ ಮತ್ತು ಸಾಮಾನು ಎಲ್ಲೆಲ್ಲಿ ಬಡಿದುಕೊಂಡಿರುತ್ತಾರೆ ಎಂಬುದು ಬೇರೆ ಮಾತು.

ಊಟದ ವಿಷಯದಲ್ಲಿ ಕನ್ನಡ ನಾಡಿನದೊಂದು ನಂಟಿದೆ. ಒಣಗಿಸಿ ಕಟ್ಟಿದ, ಬಿಸಿ ಮಾಡಿದರೆ ಸಾಕು ಎನ್ನುವ ಆಹಾರವನ್ನು ಸೈನಿಕರಿಗಾಗಿ ರೂಪಿಸುವ ಪ್ರಯೋಗಾಲಯ 1961ರಿಂದ ಮೈಸೂರಿನಲ್ಲಿದೆ. ದೋಂದೆಯವರ ನಂತರ ಇದೇ ದೋಣಿಯಲ್ಲಿ ಹೊರಟ ಅಭಿಲಾಷ್ ಟಾಮಿ ಅವರ ಊಟದ ಪೊಟ್ಟಣಗಳು ಹೋದದ್ದು ಅಲ್ಲಿಂದಲೇ. ನೀರಿನ ಕಥೆ ಬೇರೆ. ಅದೇ ಪಯಣದಲ್ಲಿ ಟಾಮಿಯವರ ಕುಡಿಯುವ ನೀರಿಗೆ ಡೀಸೆಲ್ ಬೆರೆತುಹೋಯಿತು. ಸುತ್ತ ಮುಗಿಯದ ನೀರು, ಕುಡಿಯಲು ಹನಿಯಿಲ್ಲ. ಕೊನೆಗೆ ಕೈಹಿಡಿದದ್ದು ಮಳೆ. ಮೇಲಿಂದ ಬಿದ್ದದ್ದನ್ನು ಹಿಡಿದಿಟ್ಟು ಕುಡಿದು ಅವರು ಊರು ಮುಟ್ಟಿದರು.

ಬೆಳಗಾವಿಯ ಮಾಳಿಗೆಯಿಂದಲೇ ಕಲಿಯಬಹುದಾದ ಪಾಠ

ನಡುಗಡಲಿನಲ್ಲಿ ತಾನೆಲ್ಲಿದ್ದೇನೆಂದು ತಿಳಿಯುವುದು ಹೇಗೆ? ಈಗ ಉಪಗ್ರಹ ಹೇಳುತ್ತದೆ. ಆದರೆ ಯಂತ್ರ ಕೈಕೊಟ್ಟರೆ ಇರಲಿ ಎಂದು ನೌಕಾ ತರಬೇತಿಯಲ್ಲಿ ಹಳೆಯ ವಿದ್ಯೆಯನ್ನು ಇಂದಿಗೂ ಕಲಿಸುತ್ತಾರೆ. ಅದರ ಮೊದಲ ಪಾಠಕ್ಕೆ ಸಮುದ್ರ ಬೇಕಿಲ್ಲ. ಶಹಾಪುರದಲ್ಲೋ ವಡಗಾವಿಯಲ್ಲೋ ನಿಮ್ಮ ಮನೆಯ ಮಾಳಿಗೆ ಸಾಕು.

ಮೋಡವಿಲ್ಲದ ರಾತ್ರಿ ಬಡಗು ದಿಕ್ಕಿಗೆ ನೋಡಿ. ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿರುತ್ತದೆ. ಬೆಳಗಾವಿಯ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ನಕ್ಷತ್ರದ ಎತ್ತರವೇ ನೀವು ಭೂಮಧ್ಯರೇಖೆಯಿಂದ ಎಷ್ಟು ಬಡಗಲಲ್ಲಿದ್ದೀರಿ ಎಂಬುದರ ಲೆಕ್ಕ. ತೆಂಕಣಕ್ಕೆ ಹೋದಂತೆ ಅದು ಕೆಳಗಿಳಿಯುತ್ತದೆ, ಭೂಮಧ್ಯರೇಖೆ ದಾಟಿದ ನಾವಿಕನಿಗೆ ಕಾಣುವುದೇ ಇಲ್ಲ.

ಇನ್ನು ಮೂಡಣ-ಪಡುವಣದ ಲೆಕ್ಕ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಬೆಳಗಾವಿ ಇರುವುದು 74.5 ಡಿಗ್ರಿಯಲ್ಲಿ. 8 ಡಿಗ್ರಿ ವ್ಯತ್ಯಾಸಕ್ಕೆ 32 ನಿಮಿಷ. ಆದ್ದರಿಂದಲೇ ವರ್ಷದ ಸರಾಸರಿಯಲ್ಲಿ ಬೆಳಗಾವಿಯ ಸೂರ್ಯ ನಡುನೆತ್ತಿಯ ಗೆರೆ ದಾಟುವುದು 12ಕ್ಕಲ್ಲ, 12 ಗಂಟೆ 32 ನಿಮಿಷಕ್ಕೆ. ಸೂರ್ಯ ಎಷ್ಟು ಹೊತ್ತಿಗೆ ಅತಿ ಎತ್ತರಕ್ಕೆ ಬಂದ ಎಂದು ನಿಖರ ಗಡಿಯಾರದಲ್ಲಿ ನೋಡಿಕೊಂಡರೆ ರೇಖಾಂಶ ಸಿಗುತ್ತದೆ. ಒಂದು ಕೋಲು, ಅದರ ನೆರಳು, ಒಂದು ಗಡಿಯಾರ ಇದ್ದರೆ ಖಾನಾಪುರದ ಯಾವ ಶಾಲೆಯ ಅಂಗಳದಲ್ಲಾದರೂ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದು. ಹೀಗೆ ಕಲಿತ ಹುಡುಗಿಗೆ ಸಮುದ್ರ ಅಪರಿಚಿತವಾಗಿ ಉಳಿಯುವುದಿಲ್ಲ.

ಬರೆದಿಟ್ಟದ್ದರ ಬೆಲೆ

ಜಗತ್ತನ್ನು ಒಂಟಿಯಾಗಿ ಸುತ್ತಿದ ಮೊದಲ ಮನುಷ್ಯ ಜೋಶುವಾ ಸ್ಲೋಕಮ್. 1895ರಲ್ಲಿ ಹೊರಟು 1898ರಲ್ಲಿ ಮರಳಿದ ಅವರು ಬಂದ ಕೂಡಲೇ ಅದನ್ನು ಬರೆದರು. ಆ ಪುಸ್ತಕ ಓದಿ ಹಾಯಿ ಎತ್ತಿದವರು ಎಷ್ಟೋ ಜನ. ನಾವಿಕ ಬರೆಯುವುದು ಹೆಸರಿಗಾಗಿ ಮಾತ್ರ ಅಲ್ಲ. ಹಿಂದೆ ಬರುವವನಿಗೆ ಬಂಡೆ ಎಲ್ಲಿದೆ, ರೇವು ಎಲ್ಲಿದೆ ಎಂದು ಹೇಳುವುದು ಆ ಕಸುಬಿನ ಧರ್ಮ.

ದೋಂದೆಯವರ ಪುಸ್ತಕ "ದಿ ಫಸ್ಟ್ ಇಂಡಿಯನ್" 2014ರಲ್ಲಿ ಬಂತು. ಸಾಹಸಕಥೆ ಬೇಕೆಂದು ಕೈಗೆತ್ತಿಕೊಂಡವರಿಗೆ ಅದರಲ್ಲಿ ಪಯಣದಷ್ಟೇ ದೋಣಿ ಕಟ್ಟಿದ ಕಥೆಯೂ ಸಿಗುತ್ತದೆ. ಕಡಲಿನ ಪಯಣದ ಮುಕ್ಕಾಲು ಪಾಲು ದಡದಲ್ಲೇ ನಡೆದುಹೋಗುತ್ತದೆ ಎಂಬ ಸತ್ಯ ಅದನ್ನು ಓದಿದವರಿಗೆ ತಿಳಿಯುತ್ತದೆ. ನಾನು ಆ ಪುಸ್ತಕವನ್ನು ಮೆಚ್ಚುವುದು ಈ ಕಾರಣಕ್ಕೆ. ಯಾರೂ ಮಾಡದ ಕೆಲಸವನ್ನು ಮಾಡಿದವನು ಅದನ್ನು ಗುಟ್ಟಾಗಿಟ್ಟರೆ ಕೊನೆಯವರೆಗೂ ಅವನೊಬ್ಬನೇ ಉಳಿಯುತ್ತಾನೆ. ಇವರು ಹಾಗೆ ಉಳಿಯಲು ಬಯಸಲಿಲ್ಲ.

ಟಾಮಿಯವರೂ ತಮ್ಮ ಪಯಣವನ್ನು ಬರೆದರು, ತಮ್ಮ ಮಾತೃಭಾಷೆ ಮಲಯಾಳದಲ್ಲೇ. ಕನ್ನಡಕ್ಕೆ 300 ಕಿ.ಮೀ.ಗೂ ಹೆಚ್ಚು ಕರಾವಳಿಯಿದೆ, ಕಾರವಾರದಲ್ಲಿ ದೇಶದ ದೊಡ್ಡ ನೌಕಾನೆಲೆಯಿದೆ. ದಂಡೆಯ ಬದುಕನ್ನು, ಮೊಗವೀರರ, ಖಾರ್ವಿಗಳ ಬದುಕನ್ನು ನಮ್ಮ ಲೇಖಕರು ಬರೆದಿದ್ದಾರೆ. ಆದರೆ ನೆಲ ಕಾಣದ ಆಳಸಮುದ್ರದ ಅನುಭವವನ್ನು ಅದರೊಳಗಿಂದಲೇ ಹೇಳುವ ಪುಸ್ತಕಗಳು ನಮ್ಮಲ್ಲಿ ತೀರ ವಿರಳ. ಕರ್ನಾಟಕದಿಂದ ನೌಕಾಪಡೆಗೆ, ವಾಣಿಜ್ಯ ಹಡಗುಗಳಿಗೆ ಹೋಗಿ ಮರಳಿದವರು ಊರೂರಲ್ಲಿ ಇದ್ದಾರೆ. ಅವರು ಕನ್ನಡದಲ್ಲಿ ಬರೆಯಬೇಕೆಂಬುದು ನನ್ನ ಬೇಡಿಕೆ.

ಹೇಳಿಕೊಟ್ಟ ಮೇಲೆ ಏನಾಯಿತು

ದೋಂದೆ ಜಗತ್ತು ಸುತ್ತುತ್ತಿದ್ದಾಗ ಬಂದರು ಬಂದರಿಗೆ ಹೋಗಿ ದೋಣಿಯ ರಿಪೇರಿಗೆ ನೆರವಾಗುತ್ತಿದ್ದವರು ನೌಕಾಪಡೆಯ ಪೈಲಟ್ ಅಭಿಲಾಷ್ ಟಾಮಿ. 2012ರ ನವೆಂಬರ್ 1ರಂದು ಟಾಮಿ ತಾವೇ ಮ್ಹಾದಯಿ ಏರಿ ಮುಂಬಯಿಯಿಂದ ಹೊರಟರು. ಎಲ್ಲೂ ನಿಲ್ಲಲಿಲ್ಲ. 2013ರ ಜನವರಿ 26ರಂದು ಕೇಪ್ ಹಾರ್ನ್ ಬಳಸಿದರು. ಮಾರ್ಚ್ 31ಕ್ಕೆ ಮರಳಿದಾಗ, ನಿಲ್ಲದೆ ಒಂಟಿಯಾಗಿ ಸುತ್ತಿದ ಮೊದಲ ಭಾರತೀಯರೆನಿಸಿದರು. ದೋಂದೆಯವರಿಗೆ ಶೌರ್ಯಚಕ್ರ ಬಂದಿತ್ತು. ಟಾಮಿಯವರಿಗೆ ಕೀರ್ತಿಚಕ್ರ ಬಂತು.

2018ರಲ್ಲಿ ಗೋಲ್ಡನ್ ಗ್ಲೋಬ್ ಎಂಬ ಒಂಟಿ ಹಾಯಿದೋಣಿ ಸ್ಪರ್ಧೆಯಲ್ಲಿ, ಸುಹೈಲಿಯ ಮಾದರಿಯಲ್ಲಿ ಗೋವೆಯಲ್ಲೇ ಕಟ್ಟಿದ ತುರಿಯಾ ಎಂಬ ದೋಣಿಯಲ್ಲಿ ಸಾಗುತ್ತಿದ್ದ ಟಾಮಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡರು. ಏಳಲಾರದೆ ಮಲಗಿದ್ದವರನ್ನು ಮೂರು ದಿನದ ನಂತರ ಫ್ರೆಂಚ್ ಮೀನುಗಾರಿಕೆ ಕಾವಲು ಹಡಗೊಂದು ಬಂದು ಎತ್ತಿಕೊಂಡಿತು. ನಾಲ್ಕು ವರ್ಷದ ನಂತರ ಅದೇ ಸ್ಪರ್ಧೆಗೆ ಮತ್ತೆ ಇಳಿದು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಸೇವೆಯಿಂದ ನಿವೃತ್ತರಾದ ದೋಂದೆ ಅಷ್ಟರಲ್ಲಿ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದರು. ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳಿಗೆ ಗುರುವಾದರು. ಅವರ ಪಾಠಶಾಲೆ ಅದೇ ಮ್ಹಾದಯಿ. ಮೊದಲು ಅನುಭವಿಗಳ ಜೊತೆ, ಆಮೇಲೆ ತಾವೇ ದೋಣಿ ನಡೆಸುತ್ತ 2016ರಲ್ಲಿ ಮಾರಿಷಸ್‌ವರೆಗೆ ಹೋಗಿ ಬಂದರು. 2017ರ ಸೆಪ್ಟೆಂಬರ್ 10ರಂದು ದಿವಾಡಿಯಲ್ಲೇ ಕಟ್ಟಿದ ಹೊಸ ದೋಣಿ ತಾರಿಣಿಯಲ್ಲಿ ಗೋವೆಯಿಂದ ಹೊರಟು, 2018ರ ಮೇ 21ರಂದು ಜಗತ್ತು ಸುತ್ತಿ ಬಂದರು. ಆ ಪಯಣಕ್ಕೆ ನಾವಿಕಾ ಸಾಗರ ಪರಿಕ್ರಮ ಎಂದು ಹೆಸರು.

ಆ ಆರು ಮಂದಿಯ ಊರುಗಳನ್ನು ಗಮನಿಸಿ. ನಾಯಕಿ ವರ್ತಿಕಾ ಜೋಶಿ ಉತ್ತರಾಖಂಡದವರು. ಪಾಯಲ್ ಗುಪ್ತಾ ಡೆಹ್ರಾಡೂನ್‌ನವರು. ಪ್ರತಿಭಾ ಜಾಮ್ವಾಲ್ ಹಿಮಾಚಲದ ಕುಲ್ಲುವಿನವರು. ವಿಜಯಾದೇವಿ ಮಣಿಪುರದವರು. ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದಿನವರು. ಸಮುದ್ರದ ಊರು ಎಂದರೆ ವಿಶಾಖಪಟ್ಟಣದ ಪಿ. ಸ್ವಾತಿ ಒಬ್ಬರೇ. ಉಳಿದ ಐವರು ಗುಡ್ಡದವರು, ಬಯಲಿನವರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಕೂತು, ಕಡಲು ನಮ್ಮದಲ್ಲ ಎನ್ನುವವರಿಗೆ ನಾನು ಈ ಐದು ಹೆಸರುಗಳನ್ನು ಹೇಳುತ್ತೇನೆ.

ಹಲಸಿಯ ದೊರೆಗಳು, ಇಂದಿನ ದಾರಿಗಳು

ಹಾಗೆ ನೋಡಿದರೆ ಈ ಸೀಮೆಗೆ ಕಡಲು ಹೊಸದೇನಲ್ಲ. ಖಾನಾಪುರ ತಾಲ್ಲೂಕಿನ ಹಲಸಿ ಹಿಂದಿನ ಪಲಾಶಿಕೆ. ಬನವಾಸಿಯ ಕದಂಬರಿಗೂ, ನಂತರ ಗೋವೆಯ ಕದಂಬರಿಗೂ ಅದು ಎರಡನೆಯ ರಾಜಧಾನಿ. ಗೋವೆಯ ಕದಂಬರು ಹಡಗುಗಳನ್ನಿಟ್ಟು ಆಳಿದವರು. ಅವರ ದೊರೆ ಗುಹಲ್ಲದೇವ ಸೋಮನಾಥ ಯಾತ್ರೆಗೆಂದು ಸಮುದ್ರಮಾರ್ಗ ಹಿಡಿದಾಗ ನಡುವೆ ಹಡಗಿನ ಕೂವೆಮರ ಮುರಿಯಿತೆಂದೂ, ಗೋವೆಯ ರೇವಿನಲ್ಲಿ ಅರಬ್ ವರ್ತಕನೊಬ್ಬ ನೆರವಾದನೆಂದೂ ಅವರದೇ ತಾಮ್ರಶಾಸನ ಹೇಳುತ್ತದೆ. ಹಲಸಿಯ ಭೂವರಾಹ ನರಸಿಂಹ ಗುಡಿಯ ಮುಂದೆ ನಿಂತಾಗ ಇದನ್ನೂ ನೆನೆಯಬೇಕು. 2005ರ ಮೇ 31ರಂದು ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟದ್ದು ಆ ವಂಶದ ನೆನಪಿಗೇ.

ಕಡಲಿಗೆ ಹೋಗುವ ಇಂದಿನ ದಾರಿಗಳ ಬಗ್ಗೆ ಸ್ವಲ್ಪ. ನೇವಿ ಮತ್ತು ಮರ್ಚೆಂಟ್ ನೇವಿ ಒಂದೇ ಎಂದು ತಿಳಿದವರು ಬಹಳ. ಮೊದಲನೆಯದು ದೇಶದ ಸೇನೆ. ಎರಡನೆಯದು ಸರಕು, ಎಣ್ಣೆ ಸಾಗಿಸುವ ಹಡಗು ಕಂಪನಿಗಳ ನೌಕರಿ.

ನೌಕಾಪಡೆಯ ಅಧಿಕಾರಿಯಾಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ವರ್ಷಕ್ಕೆರಡು ಸಲ ನಡೆಯುವ ಎನ್‌ಡಿಎ ಪರೀಕ್ಷೆ ಬರೆಯಬಹುದು. ಪುಣೆಯ ಹತ್ತಿರದ ಖಡಕವಾಸ್ಲಾದಲ್ಲಿ ಮೂರು ವರ್ಷ, ನಂತರ ಕೇರಳದ ಏಳಿಮಲದ ನೌಕಾ ಅಕಾಡೆಮಿ. ಜೆಇಇ ಮೇನ್ಸ್ ರ್‍ಯಾಂಕಿನ ಮೇಲೆ ನೇರ ಏಳಿಮಲಕ್ಕೇ ಹೋಗುವ ದಾರಿಯೂ ಇದೆ. 2022ರಿಂದ ಎನ್‌ಡಿಎಗೆ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಅಗ್ನಿವೀರರಾಗಿ ನೌಕಾಪಡೆ ಸೇರುವವರಿಗೆ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ.

ಈ ದಾರಿಗೆ ಚಿಕ್ಕಂದಿನಿಂದಲೇ ಸಿದ್ಧಪಡಿಸುವ ಶಾಲೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ದೇಶದಲ್ಲಿರುವ ಐದು ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲಿ 1945ರಲ್ಲಿ ಶುರುವಾದ ಬೆಳಗಾವಿಯದೂ ಒಂದು. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳಿಗಾಗಿ ರಾಣಿ ಚನ್ನಮ್ಮನ ಹೆಸರಿನ ಸೈನಿಕ ಮಾದರಿಯ ವಸತಿ ಶಾಲೆಯಿದೆ.

ವಾಣಿಜ್ಯ ಹಡಗಿನಲ್ಲಿ ಅಧಿಕಾರಿಯಾಗಬಯಸುವವರು ಇಂಡಿಯನ್ ಮಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಣ ಕೊಟ್ಟರೆ ಹಡಗು ಹತ್ತಿಸುತ್ತೇವೆ ಎನ್ನುವ ಮಧ್ಯವರ್ತಿಗಳ ಮಾತಿಗೆ ಹೊಲ ಅಡವಿಡಬೇಡಿ. ತರಬೇತಿ ಸಂಸ್ಥೆಗೆ, ನೌಕರಿ ಕೊಡಿಸುವ ಏಜೆಂಟರಿಗೆ ಮುಂಬಯಿಯಲ್ಲಿರುವ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ ಎಂದು ಅವರ ಪಟ್ಟಿಯಲ್ಲೇ ನೋಡಿಕೊಳ್ಳಿ.

ಮತ್ತೊಂದು ಮಳೆಗಾಲ

ಆವಟಿಯವರು 2018ರ ನವೆಂಬರ್‌ನಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. ಆರು ಮಂದಿ ಹೆಣ್ಣುಮಕ್ಕಳು ಜಗತ್ತು ಸುತ್ತಿ ಬಂದದ್ದನ್ನು ಅವರು ಕಂಡಿದ್ದರು. ಮುಂದಿನದನ್ನು ಕಾಣಲಿಲ್ಲ.

2024ರ ಅಕ್ಟೋಬರ್ 2ರಂದು ಲೆಫ್ಟಿನೆಂಟ್ ಕಮಾಂಡರ್‌ಗಳಾದ ಕೆ. ದಿಲ್ನಾ ಮತ್ತು ಎ. ರೂಪಾ ಇಬ್ಬರೇ ತಾರಿಣಿಯಲ್ಲಿ ಗೋವೆಯಿಂದ ಹೊರಟರು. ಈ ಸಲ ಗುರು ಅಭಿಲಾಷ್ ಟಾಮಿ. ಮೊದಲು ಕಲಿತವನು ಈಗ ಕಲಿಸುವವನಾಗಿದ್ದ. ದಾರಿ ಮಾತ್ರ ದೋಂದೆ ಹೋದದ್ದೇ, ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್ ಟೌನ್. ಎಂಟು ತಿಂಗಳಲ್ಲಿ 25,000 ನಾಟಿಕಲ್ ಮೈಲಿಗಿಂತ ಹೆಚ್ಚು ದೂರ ಸಾಗಿ 2025ರ ಮೇ 29ರಂದು ಅವರು ಮುರ್ಮುಗಾಂವ್ ಬಂದರು ಸೇರಿದರು.

ಆ ವರ್ಷ ಮುಂಗಾರು ಬೇಗ ಬಂದಿತ್ತು. ಇಬ್ಬರು ಹಾಯಿ ಇಳಿಸಿ ದಡಕ್ಕೆ ಕಾಲಿಡುವ ಹೊತ್ತಿಗೆ ಖಾನಾಪುರದ ಕಾಡಿನಲ್ಲಿ ಮಳೆ ಹಿಡಿದಿತ್ತು, ಮಹದಾಯಿಯ ಹೊಸ ನೀರು ಘಟ್ಟ ಇಳಿಯತೊಡಗಿತ್ತು.